ಝೊವಾಂಥಿಡ್ ಅರಳುತ್ತಿಲ್ಲವೇ? ಕಾರಣ ಹುಡುಕುವ ಕ್ರಮ

ಮನೆಯಲ್ಲಿ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: ಝೊವಾ ಅರಳುತ್ತಿಲ್ಲ, ಏನು ಹಾಕಲಿ? ಏನಾಗಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಹಾಕಬೇಡಿ ಅನ್ನುವುದೇ ನನ್ನ ಉತ್ತರ. ಝೊವಾ ಅಂದರೆ ಝೊವಾಂಥಿಡ್, ಹೂವಿನಂಥ ಪುಟ್ಟ ಪಾಲಿಪ್‌ಗಳು (ಬಿಡಿ ಜೀವಿಗಳು) ಗುಂಪಾಗಿ ಕಲ್ಲಿನ ಮೇಲೆ ಚಾಪೆಯಂತೆ ಬೆಳೆಯುವ ಸಮುದ್ರ ಜೀವಿ. ಅದು ಗಟ್ಟಿ ಜೀವ. ಸಣ್ಣಪುಟ್ಟ ತೊಂದರೆಯನ್ನು ವಾರಗಟ್ಟಲೆ ತಡೆದುಕೊಳ್ಳುತ್ತದೆ. ಆದರೆ ಒಂದೇ ವಾರದಲ್ಲಿ ಜಾಗ ಬದಲಾಯಿಸಿ, ಬೆಳಕು ಏರಿಸಿ, ಅಯೋಡಿನ್ ಹಾಕಿ, ಅರ್ಧ ಟ್ಯಾಂಕ್ ನೀರು ತೆಗೆದರೆ ಅದು ಉಳಿಯುವುದು ಕಷ್ಟ.

ಮುಚ್ಚಿಕೊಳ್ಳುವುದು ರೋಗವಲ್ಲ. ಅದು ತನ್ನನ್ನು ಕಾಪಾಡಿಕೊಳ್ಳುವ ಬಗೆ. ಪಶ್ಚಿಮ ಕರಾವಳಿಯ ಬಂಡೆಗಳ ಮೇಲೂ ಝೊವಾಂಥಿಡ್ ಚಾಪೆಗಳು ಬೆಳೆಯುತ್ತವೆ. ಇಳಿತದ ಹೊತ್ತಿಗೆ ನೀರಿಂದ ಹೊರಗೆ ಬಿದ್ದಾಗ ಪಾಲಿಪ್‌ಗಳೆಲ್ಲ ಬಿಗಿಯಾಗಿ ಮುಚ್ಚಿ ಕೂರುತ್ತವೆ. ಉಬ್ಬರ ಬಂದ ಮೇಲೆ ಮತ್ತೆ ಅರಳುತ್ತವೆ. (ಅಲ್ಲಿಂದ ಕಿತ್ತು ತರಬೇಡಿ. ಸಮುದ್ರದ್ದು ಸಮುದ್ರದಲ್ಲೇ ಇರಲಿ.) ನಿಮ್ಮ ಟ್ಯಾಂಕಿನಲ್ಲೂ ಅಷ್ಟೇ, ಏನೋ ಕಿರಿಕಿರಿ ಆಗಿದೆ ಅಂತ ಅದು ಹೇಳುತ್ತಿದೆ. ಏನು ಅನ್ನುವುದನ್ನು ನಾವು ಹುಡುಕಬೇಕು.

ಕೆಲವು ಸಲ ಹುಡುಕುವ ಅಗತ್ಯವೇ ಇರುವುದಿಲ್ಲ. ದೀಪ ಆರಿದ ಮೇಲೆ ಬಹಳಷ್ಟು ಝೊವಾಗಳು ಮುಚ್ಚುತ್ತವೆ. ನೀರು ಬದಲಾಯಿಸಿದ ದಿನ ಕೆಲವು ಗಂಟೆ ಮುಚ್ಚಿರುತ್ತವೆ. ಹೊಸದಾಗಿ ತಂದ ಫ್ರ್ಯಾಗ್ (ದೊಡ್ಡ ಗುಂಪಿನಿಂದ ಕತ್ತರಿಸಿದ ತುಂಡು) ಒಂದು ವಾರ, ಹತ್ತು ದಿನ ಅರಳದೇ ಇರಬಹುದು. ಹಳೆಯ ಗುಂಪು ದೀಪ ಉರಿಯುವ ಹೊತ್ತಲ್ಲೂ ಮೂರು ದಿನ ಮುಚ್ಚೇ ಇದ್ದರೆ, ತೊಟ್ಟು ಸೊರಗುತ್ತಿದ್ದರೆ, ಪಾಲಿಪ್‌ಗಳ ಎಣಿಕೆ ಕಡಿಮೆಯಾಗುತ್ತಿದ್ದರೆ ಮಾತ್ರ ಮುಂದಿನ ಕೆಲಸ ಶುರುಮಾಡಿ.

ಕೈ ಹಾಕುವ ಮೊದಲು

ಪರೀಕ್ಷೆ ಮಾಡುವಾಗ ಝೊವಾ ಇರುವ ಕಲ್ಲನ್ನು ಎತ್ತಬೇಕಾಗುತ್ತದೆ. ಹಾಗಾಗಿ ಈ ಮಾತು ಮೊದಲೇ ಬರಬೇಕು. ಈ ಬಳಗದ ಕೆಲವು ಜೀವಿಗಳಲ್ಲಿ, ಮುಖ್ಯವಾಗಿ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಹವಾಯಿಯಲ್ಲಿ ಸಿಕ್ಕ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದ ವಿಷಯವನ್ನು ಮೂರ್ ಮತ್ತು ಶೋಯರ್ 1971ರಲ್ಲಿ ಪ್ರಕಟಿಸಿದರು. ನಮ್ಮ ಜೀವಕೋಶಗಳ ಸೋಡಿಯಂ-ಪೊಟ್ಯಾಶಿಯಂ ಪಂಪಿಗೆ ಈ ವಿಷ ಅಂಟಿಕೊಂಡು, ಅದನ್ನು ಸದಾ ತೆರೆದಿರುವ ದಾರಿಯಾಗಿ ಮಾಡಿಬಿಡುತ್ತದೆ. ಕುದಿಸಿದರೂ ಹೋಗುವುದಿಲ್ಲ. ಕಲ್ಲನ್ನು ಕುದಿಸಿ, ಬಿಸಿನೀರು ಹಾಕಿ ಉಜ್ಜಿ, ಅದರ ಹಬೆಯನ್ನು ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಮನೆಗಳಲ್ಲೂ ಅಕ್ವೇರಿಯಂ ಅಂಗಡಿಗಳಲ್ಲೂ ಇಂಥ ಪ್ರಕರಣಗಳು ದಾಖಲಾಗಿವೆ.

ಪಾಲಿಥೋವಾ ತನ್ನ ಮೈಯೊಳಗೆ ಮರಳಿನ ಕಣಗಳನ್ನು ಸೇರಿಸಿಕೊಂಡಿರುತ್ತದೆ. ತೊಟ್ಟು ತರಿತರಿಯಾಗಿ ಕಾಣುತ್ತದೆ. ಅದೇ ಬಳಗದ ಝೊವಾಂಥಸ್‌ನ ತೊಟ್ಟು ನಯವಾಗಿರುತ್ತದೆ. ಆದರೂ ನೋಡಿ ಇದು ವಿಷದ್ದಲ್ಲ ಅಂತ ಹೇಳಲು ಆಗುವುದಿಲ್ಲ. ಎಲ್ಲವನ್ನೂ ವಿಷದ್ದೇ ಅಂದುಕೊಳ್ಳಿ. ನೈಟ್ರೈಲ್ ಕೈಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಮುಟ್ಟಬೇಡಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ. ಅಡುಗೆಮನೆ ಸಿಂಕ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಕತ್ತರಿಸುವಾಗ ಪಾಲಿಪ್‌ನಿಂದ ನೀರು ಚಿಮ್ಮುತ್ತದೆ, ಅದು ಕಣ್ಣಿಗೆ ಬಿದ್ದರೆ ಕಾರ್ನಿಯಾ ಹಾಳಾಗಬಹುದು. ಕೆಲಸ ಮುಗಿದ ಮೇಲೆ ಉಪಕರಣ, ಬಕೆಟ್ ಎಲ್ಲವನ್ನೂ ಬ್ಲೀಚ್ ನೀರಲ್ಲಿ ಅರ್ಧ ಗಂಟೆ ನೆನೆಸಿ. ಹೈಪೋಕ್ಲೋರೈಟ್ 0.5%ಗಿಂತ ಕಡಿಮೆ ಇರಬಾರದು. ಬಾಟಲಿಯ ಮೇಲೆ 5% ಅಂತ ಇದ್ದರೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸರಿ. ಅದಕ್ಕಿಂತ ತೆಳು ಇದ್ದರೆ ನೀರು ಕಡಿಮೆ ಮಾಡಿ. ಇದನ್ನು ಆಸಿಡ್ ಜತೆ ಬೆರೆಸಬೇಡಿ.

ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಜ್ವರ, ಕೆಮ್ಮು, ಉಸಿರಾಟಕ್ಕೆ ಕಷ್ಟ, ಮೈಕೈ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ನೀವೇ ಹೇಳಿ. ಇದಕ್ಕೆ ಪ್ರತಿವಿಷ ಇಲ್ಲ. ಲಕ್ಷಣ ನೋಡಿಕೊಂಡು ಚಿಕಿತ್ಸೆ ಕೊಡುತ್ತಾರೆ.

ಯಾವುದು ಮುಚ್ಚಿದೆ, ಯಾವುದು ಚೆನ್ನಾಗಿದೆ

ಟೆಸ್ಟ್ ಕಿಟ್ ತೆಗೆಯುವ ಮೊದಲು ಹತ್ತು ನಿಮಿಷ ಟ್ಯಾಂಕಿನ ಮುಂದೆ ಕೂತು ನೋಡಿ. ಝೊವಾ ಒಂದನ್ನೇ ನೋಡಬೇಡಿ, ಉಳಿದ ಜೀವಿಗಳನ್ನೂ ನೋಡಿ. ಕಾರಣದ ಅರ್ಧ ಸುಳಿವು ಅಲ್ಲೇ ಸಿಗುತ್ತದೆ.

ಎಲ್ಲ ಹವಳಗಳೂ ಮುದುಡಿವೆ, ಮೀನುಗಳ ಉಸಿರಾಟವೂ ಜೋರಾಗಿದೆ ಅಂದರೆ ನೀರಿನ ಮೂಲ ಲೆಕ್ಕವೇ ತಪ್ಪಿದೆ. ಉಪ್ಪಿನಂಶ, ಬಿಸಿ, ಆಮ್ಲಜನಕ ನೋಡಿ. ಮೀನು ಆರಾಮಾಗಿದೆ, ಆದರೆ ಬಸವನಹುಳುಗಳು ಗಾಜಿನಿಂದ ಉದುರುತ್ತಿವೆ, ಸೀಗಡಿ ಸತ್ತಿದೆ, ಹವಳ ಮುಚ್ಚಿದೆ ಅಂದರೆ ಲೋಹ ಅಥವಾ ಕೀಟನಾಶಕ ಸೇರಿರುವ ಸಾಧ್ಯತೆ ಜಾಸ್ತಿ. ಝೊವಾಗಳು ಮಾತ್ರ, ಟ್ಯಾಂಕಿನ ಎಲ್ಲ ಕಡೆ ಮುಚ್ಚಿವೆ ಅಂದರೆ ಪೋಷಕಾಂಶ ತೀರಾ ಕಡಿಮೆ ಆಗಿರಬಹುದು, ಅಥವಾ ಯಾವುದೋ ಮೀನು ಕಚ್ಚುತ್ತಿರಬಹುದು. ಒಂದೇ ಗುಂಪು ಮುಚ್ಚಿದೆ, ಪಕ್ಕದ್ದು ಅರಳಿದೆ ಅಂದರೆ ನೀರನ್ನು ಬಿಟ್ಟುಬಿಡಿ. ತೊಂದರೆ ಅಲ್ಲೇ, ಆ ಕಲ್ಲಿನ ಮೇಲೇ ಇದೆ.

ಇನ್ನೊಂದು ಪ್ರಶ್ನೆ: ಎರಡು ವಾರದಲ್ಲಿ ಏನು ಬದಲಾಯಿತು? ಟ್ಯಾಂಕಿನಲ್ಲಿ ಮಾತ್ರ ಅಲ್ಲ, ಮನೆಯಲ್ಲಿ. ಹೊಸ ಉಪ್ಪಿನ ಚೀಲ ತೆರೆದಿರಾ? ಗೋಡೆಗೆ ಬಣ್ಣ ಹೊಡೆಸಿದಿರಾ? ಜಿರಳೆಗೆ ಸ್ಪ್ರೇ ಹೊಡೆದರಾ? ಊರಿಗೆ ಹೋದಾಗ ಬೇರೆಯವರು ನೀರು ತುಂಬಿದರಾ? ಮನೆಯವರನ್ನೆಲ್ಲ ಕೇಳಿ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಎಲ್ಲವೂ ಮುದುಡಿದ್ದರೆ

ಮೊದಲು ಉಪ್ಪಿನಂಶ. ಇದನ್ನು ನೋಡದೆ ಬೇರೆ ಯಾವುದನ್ನೂ ಅಳೆಯಬೇಡಿ. ಸಮುದ್ರದ ನೀರು ಸುಮಾರು 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು), ಅಂದರೆ ಸಾಂದ್ರತೆ 1.026ರ ಹತ್ತಿರ. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ. ಅದರ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರಾಕ್ಟೋಮೀಟರ್ ಇದ್ದರೆ ಅದನ್ನು 35 ಪಿಪಿಟಿ ದ್ರಾವಣದಿಂದಲೇ ಸರಿಹೊಂದಿಸಿ. ಆರ್‌ಒ ನೀರು ಹಾಕಿ ಸೊನ್ನೆಗೆ ತಂದರೆ ಸೊನ್ನೆ ಮಾತ್ರ ಸರಿಯಾಗುತ್ತದೆ. ನಮಗೆ ಬೇಕಾದ 35ರ ಹತ್ತಿರ ಅದು ಎರಡು ಮೂರು ಪಿಪಿಟಿ ತಪ್ಪು ತೋರಿಸಬಹುದು.

ಟ್ಯಾಂಕಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ನೀರಿಗೆ ಉಪ್ಪಿಲ್ಲದ ಶುದ್ಧ ನೀರೇ ತುಂಬಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಅಲ್ವಾ? ಆದರೂ ಊರಿಗೆ ಹೋಗಿ ಬಂದ ಮೇಲೆ ಟ್ಯಾಂಕ್ ಮುಚ್ಚಿಕೊಂಡಿದ್ದರೆ ಹತ್ತರಲ್ಲಿ ಏಳೆಂಟು ಸಲ ಇದೇ ಕಾರಣ ಅಂತ ನನ್ನ ಅನುಭವ. ತುಂಬಿದವರು ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನೇ ಸುರಿದಿರುತ್ತಾರೆ, ಇಲ್ಲವೇ ತಾನೇ ನೀರು ತುಂಬುವ ಆಟೋ ಟಾಪ್‌ಆಫ್‌ನ ಸೆನ್ಸರಿಗೆ ಪಾಚಿ ಹಿಡಿದಿರುತ್ತದೆ. ಸರಿಮಾಡುವಾಗ ಅವಸರ ಬೇಡ. ಸಾಂದ್ರತೆಯನ್ನು ದಿನಕ್ಕೆ 0.001ರಿಂದ 0.002ಕ್ಕಿಂತ ಜಾಸ್ತಿ ಬದಲಾಯಿಸಬೇಡಿ.

ಆಮೇಲೆ ಬಿಸಿ. 24ರಿಂದ 27 ಡಿಗ್ರಿ ಚೆನ್ನ. 30 ದಾಟಿ ದಿನಗಟ್ಟಲೆ ಉಳಿದರೆ ಪಾಲಿಪ್‌ನೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಹೊರಬೀಳುತ್ತವೆ, ಬಣ್ಣ ಬಿಳಚಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆಯಿರಿ. ಬೆಳಗ್ಗೆ ಅಳೆದರೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರು, ಮೈಸೂರಿನ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಜಾಸ್ತಿ ಆರುತ್ತದೆ, ಅದಕ್ಕೆ ತಕ್ಕಂತೆ ತುಂಬಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ, ಚಿಲ್ಲರ್ ಬೇಕಾಗುತ್ತದೆ. ಐಸ್ ತುಂಡು ನೇರವಾಗಿ ಹಾಕಬೇಡಿ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್‌ಗೆ ವೇವ್‌ಮೇಕರ್ (ನೀರನ್ನು ಓಡಾಡಿಸುವ ಪಂಪ್) ಜೋಡಿಸಿ. ದೀಪ ಒಂದು ದಿನ ಇಲ್ಲದಿದ್ದರೂ ನಡೆಯುತ್ತದೆ. ನೀರಿನ ಓಡಾಟ ರಾತ್ರಿಯಿಡೀ ನಿಂತರೆ ಆಮ್ಲಜನಕ ಇಳಿದು ಮೀನೂ ಹವಳವೂ ಒದ್ದಾಡುತ್ತವೆ.

ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8ರಿಂದ 10 ಡಿಕೆಎಚ್ (ಅದರ ಅಳತೆ) ನಡುವೆ ಎಲ್ಲಿದ್ದರೂ ಝೊವಾಗೆ ಚಿಂತೆಯಿಲ್ಲ. ಆದರೆ ಹೊಸ ಉಪ್ಪಿನಲ್ಲಿ ಅದು 11, 12 ಇದ್ದು, ನಿಮ್ಮ ಟ್ಯಾಂಕ್ 7ರಲ್ಲಿದ್ದರೆ ಪ್ರತಿ ಸಲ ನೀರು ಬದಲಾಯಿಸಿದಾಗಲೂ ಏಟು ಬೀಳುತ್ತದೆ. ನೀರು ಬದಲಾಯಿಸಿದ ಮರುದಿನವೇ ಮುಚ್ಚಿಕೊಳ್ಳುವುದು ಮರುಕಳಿಸುತ್ತಿದ್ದರೆ ಕಲಸಿದ ಹೊಸ ನೀರನ್ನೂ ಒಮ್ಮೆ ಟೆಸ್ಟ್ ಮಾಡಿ.

ಮೀನು ಆರಾಮ, ಬಸವನಹುಳು ಸಾಯುತ್ತಿವೆ

ಈ ಲಕ್ಷಣವನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಗೆಳೆಯರೊಬ್ಬರ ಟ್ಯಾಂಕಿನಲ್ಲಿ ಉಪ್ಪಿನಂಶ ಸರಿ ಇತ್ತು, ಬಿಸಿ ಸರಿ ಇತ್ತು, ನೈಟ್ರೇಟ್ ಸರಿ ಇತ್ತು. ಕ್ಲೌನ್ ಮೀನುಗಳು ಎಂದಿನಂತೆ ಊಟಕ್ಕೆ ಬಾಯಿ ತೆರೆದು ಬರುತ್ತಿದ್ದವು. ಝೊವಾಗಳು ಮಾತ್ರ ಒಂದೂ ಅರಳಿರಲಿಲ್ಲ. ಗಾಜಿನ ಮೇಲೆ ಇರಬೇಕಾದ ಬಸವನಹುಳುಗಳು ಮರಳಿನ ಮೇಲೆ ಬೋರಲು ಬಿದ್ದಿದ್ದವು. ಒಂದನ್ನು ಎತ್ತಿ ಗಾಜಿಗೆ ಅಂಟಿಸಿದರೆ ಕಾಲು ಹಿಡಿಯದೆ ಮತ್ತೆ ಜಾರುತ್ತಿತ್ತು. ಮನೆಯಲ್ಲಿ ಏನು ಬದಲಾಯಿತು ಅಂತ ಕೇಳಿದಾಗ ಅವರ ಮನೆಯವರು ಹೇಳಿದರು: ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಸರ್ವಿಸ್ ಆಗಿತ್ತು, ಹೊಸ ಕಾರ್ಟ್ರಿಜ್ ಹಾಕಿದ್ದರು. ಆ ಕಾರ್ಟ್ರಿಜ್ ನೀರಿಗೆ ತಾಮ್ರ ಸೇರಿಸುವಂಥದ್ದು. ಟ್ಯಾಂಕಿಗೆ ದಿನಾ ಹೋಗುತ್ತಿದ್ದದ್ದು ಅದೇ ನೀರು.

ಕುಡಿಯುವವರಿಗೆ ಆ ತಾಮ್ರ ಏನೂ ಮಾಡುವುದಿಲ್ಲ. ಬೆನ್ನೆಲುಬಿಲ್ಲದ ಸಮುದ್ರ ಜೀವಿಗಳಿಗೆ ಅದು ವಿಷ. ಮೀನಿಗೆ ಬರುವ ಬಿಳಿ ಚುಕ್ಕೆ ರೋಗಕ್ಕೆ ತಾಮ್ರವನ್ನೇ ಔಷಧಿಯಾಗಿ ಕೊಡುತ್ತಾರೆ. ಅದಕ್ಕೇ ಮೀನು ಆರಾಮಾಗಿದ್ದು ಉಳಿದದ್ದೆಲ್ಲ ಸಾಯುವುದು. ಇವತ್ತು ಮಾರುಕಟ್ಟೆಯಲ್ಲಿ ತಾಮ್ರ ಸೇರಿಸುವ, ಖನಿಜ ಸೇರಿಸುವ ಪ್ಯೂರಿಫೈಯರ್‌ಗಳು ಬೇಕಾದಷ್ಟಿವೆ. ಇನ್ನು ಕೆಲವದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಕಂಟ್ರೋಲರ್ ಅನ್ನುವ ಸಣ್ಣ ತಿರುಪು ಇರುತ್ತದೆ. ರುಚಿಗಾಗಿ ಅದು ಆರ್‌ಒ ಮೆಂಬ್ರೇನ್ ಮೂಲಕ ಹೋಗದ ನೀರನ್ನೂ ಒಂದಿಷ್ಟು ಬೆರೆಸುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಅದರಲ್ಲಿರುವ ನೈಟ್ರೇಟ್, ಸಿಲಿಕೇಟ್ ಎಲ್ಲ ಟ್ಯಾಂಕಿಗೆ ಬಂತು ಅಂತಲೇ ಅರ್ಥ. ನಲ್ಲಿಯಲ್ಲಿ ಬರುವ ನೀರಿನ ಟಿಡಿಎಸ್ ಅಳೆದು ನೋಡಿ. 50, 80 ತೋರಿಸಿದರೆ ಅದು ಕುಡಿಯುವ ನೀರು, ರೀಫ್ ನೀರಲ್ಲ. ಮೆಂಬ್ರೇನ್ ಆದ ಕೂಡಲೇ, ಕಂಟ್ರೋಲರ್ ಮತ್ತು ಖನಿಜದ ಕಾರ್ಟ್ರಿಜ್‌ಗಿಂತ ಮೊದಲೇ ಒಂದು ಪೈಪ್ ತೆಗೆದುಕೊಂಡು, ಅದಕ್ಕೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಜೋಡಿಸಿ. ಮೀಟರ್ ಸೊನ್ನೆ ತೋರಿಸಬೇಕು. ರೆಸಿನ್ ಮುಗಿದ ಮೇಲೆ ಒಂದು, ಎರಡು, ಐದು ಅಂತ ಏರುತ್ತಾ ಹೋಗುತ್ತದೆ. ಆಗ ಬದಲಾಯಿಸಿ.

ತಾಮ್ರ ಸೇರಿದೆ ಅಂತ ಖಚಿತವಾದರೆ ಶುದ್ಧ ನೀರಿನಿಂದ ಕಲಸಿದ ಉಪ್ಪುನೀರಲ್ಲಿ ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ಬದಲಾಯಿಸಿ. ಆಕ್ಟಿವೇಟೆಡ್ ಕಾರ್ಬನ್ ಜತೆಗೆ ಲೋಹ ಹೀರುವ ರೆಸಿನ್ ಇಡಿ. ಕಲ್ಲು, ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ.

ತಾಮ್ರ ಅಲ್ಲದಿದ್ದರೆ ತುಕ್ಕು ಹುಡುಕಿ. ವೇವ್‌ಮೇಕರ್‌ನ ಮ್ಯಾಗ್ನೆಟ್, ಗಾಜು ಉಜ್ಜುವ ಮ್ಯಾಗ್ನೆಟ್ ಎರಡನ್ನೂ ಹೊರಗೆ ತೆಗೆದು ಬೆಳಕಿನಲ್ಲಿ ತಿರುಗಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಉಬ್ಬಿದ್ದರೆ, ಕೂದಲೆಳೆಯಷ್ಟು ಬಿರುಕಿನ ಸುತ್ತ ಕೆಂಪು ಕಲೆ ಇದ್ದರೆ ಅದನ್ನು ಅವತ್ತೇ ಎಸೆಯಿರಿ. ಹೀಟರಿನ ಕ್ಲಿಪ್, ಮುಚ್ಚಳದ ಸ್ಕ್ರೂ ಸಹ ನೋಡಿ. ಸೀಗಡಿಗಳು ಒಂದೇ ರಾತ್ರಿಯಲ್ಲಿ ಸತ್ತಿದ್ದರೆ ಜಿರಳೆ, ಸೊಳ್ಳೆ ಸ್ಪ್ರೇ ಬಗ್ಗೆ ವಿಚಾರಿಸಿ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೆಯುವುದು ನೀರಿಗೇ ಹೊಡೆದ ಹಾಗೆ.

ಝೊವಾ ಮಾತ್ರ ಮುಚ್ಚಿವೆ

ತೀರಾ ಸ್ವಚ್ಛ ಟ್ಯಾಂಕಿನಲ್ಲಿ ಇದು ಬರುತ್ತದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಅಂತ ಖುಷಿಪಡುವವರ ಝೊವಾಗಳು ಸಣ್ಣದಾಗಿ, ಬಿಳಚಿಕೊಂಡು, ಅರ್ಧ ಮಾತ್ರ ಅರಳಿರುತ್ತವೆ. ಅವಕ್ಕೆ ನೈಟ್ರೇಟ್ 5ರಿಂದ 15 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಹಿತ. ಫಾಸ್ಫೇಟ್ ಹೀರುವ ಜಿಎಫ್‌ಒ ಹಾಕಿದ್ದರೆ ಅರ್ಧಕ್ಕೆ ಇಳಿಸಿ, ಮೀನಿಗೆ ಊಟ ಸ್ವಲ್ಪ ಜಾಸ್ತಿ ಮಾಡಿ, ಸ್ಕಿಮ್ಮರ್ ಹೊತ್ತು ಕಡಿಮೆ ಮಾಡಿ. ಎರಡೂ ಸೊನ್ನೆಯಲ್ಲೇ ಇದ್ದರೆ ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮ ಜೀವಿಗಳು ಹಬ್ಬುವ ಅಪಾಯವೂ ಇದೆ. ಕಂದು ಲೋಳೆ, ಅದರಲ್ಲಿ ಗಾಳಿಗುಳ್ಳೆಗಳು, ರಾತ್ರಿ ಕಡಿಮೆಯಾಗಿ ಮಧ್ಯಾಹ್ನಕ್ಕೆ ಮತ್ತೆ ಹರಡಿದ್ದರೆ ಅನುಮಾನ ಪಡಿ. ಅವುಗಳಲ್ಲಿ ಕೆಲವು ಜಾತಿ ಪಾಲಿಟಾಕ್ಸಿನ್ ಹೋಲುವ ವಿಷವನ್ನೇ ಉಂಟುಮಾಡುತ್ತವೆ. ಅವನ್ನು ತಿಂದ ಬಸವನಹುಳುಗಳೂ ಸಾಯುತ್ತವೆ.

ಪೋಷಕಾಂಶ ಸರಿ ಇದ್ದರೆ ಮೀನಿನ ಮೇಲೆ ಕಣ್ಣಿಡಿ. ಕೋರಲ್ ಬ್ಯೂಟಿಯಂಥ ಕುಳ್ಳ ಏಂಜೆಲ್ ಮೀನುಗಳು, ಚಿಟ್ಟೆ ಮೀನುಗಳು ಝೊವಾ ಕಚ್ಚುವುದುಂಟು. ತಿಂಗಳುಗಟ್ಟಲೆ ಸುಮ್ಮನಿದ್ದ ಮೀನು ಒಂದು ದಿನ ರುಚಿ ಕಂಡುಕೊಳ್ಳುತ್ತದೆ. ಎಮರಾಲ್ಡ್ ಏಡಿ ಪಾಚಿ ಮುಗಿದು ಹಸಿದರೆ ಪಾಲಿಪ್ ಚಿವುಟುತ್ತದೆ. ನೀವು ಎದುರಿಗೆ ಕೂತರೆ ಮೀನು ಊಟದ ಆಸೆಗೆ ನಿಮ್ಮತ್ತಲೇ ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ಅರ್ಧ ಗಂಟೆ ವಿಡಿಯೋ ಮಾಡಿ. ಇನ್ನೂ ಖಚಿತ ದಾರಿ ಬೇಕೆಂದರೆ, ಹೊಸ ಪ್ಲಾಸ್ಟಿಕ್ ತೂತಿನ ಬುಟ್ಟಿಯೊಂದನ್ನು ಝೊವಾ ಮೇಲೆ ಬೋರಲು ಹಾಕಿ ಮೂರು ದಿನ ಬಿಡಿ. ಬುಟ್ಟಿಯೊಳಗೆ ಅರಳಿ, ಬುಟ್ಟಿ ತೆಗೆದ ದಿನವೇ ಮುಚ್ಚಿದರೆ ನೀರನ್ನು ಟೆಸ್ಟ್ ಮಾಡುವುದು ನಿಲ್ಲಿಸಿ, ಮೀನಿಗೆ ಬೇರೆ ಮನೆ ಹುಡುಕಿ.

ದೊಡ್ಡ ಲೆದರ್ ಹವಳ ಇದ್ದು, ಅದನ್ನು ಇತ್ತೀಚೆಗೆ ಕತ್ತರಿಸಿದ್ದರೆ ಅದು ಬಿಡುವ ರಾಸಾಯನಿಕಗಳೂ ಝೊವಾವನ್ನು ಮುಚ್ಚಿಸಬಹುದು. ಹೊಸ ಕಾರ್ಬನ್ ಹಾಕಿ ಎರಡು ಮೂರು ದಿನ ನೋಡಿ.

ಒಂದೇ ಗುಂಪು ಮುಚ್ಚಿದೆ

ಇಲ್ಲಿ ತಾಳ್ಮೆ ಬೇಕು, ಕಣ್ಣು ಬೇಕು. ಮೊದಲು ಸಿರಿಂಜ್‌ನಲ್ಲಿ ಟ್ಯಾಂಕ್ ನೀರು ತುಂಬಿ ಪಾಲಿಪ್‌ಗಳ ಸಂದಿಗೆ ಮೆಲ್ಲಗೆ ಊದಿ. ಕಂದು ಹೂಳು ಎದ್ದು ಬಂದರೆ ಅಲ್ಲಿ ನೀರಿನ ಓಡಾಟ ಸಾಲದು. ಹೂಳು ಕೂತ ಕಡೆ ಚಾಪೆ ಕೊಳೆಯುತ್ತದೆ. ಒಂದು ಪಕ್ಕದ ಪಾಲಿಪ್‌ಗಳು ಮಾತ್ರ ಮಡಚಿಕೊಂಡಿದ್ದರೆ ವೇವ್‌ಮೇಕರ್ ನೇರವಾಗಿ ಹೊಡೆಯುತ್ತಿದೆ. ಅರಳಿದಾಗ ಅಂಚಿನ ಎಳೆಗಳು ಹಗುರವಾಗಿ ಅಲ್ಲಾಡುವಷ್ಟು ಹರಿವು ಸಾಕು. ಸುತ್ತ ಕೂದಲು ಪಾಚಿ ಬೆಳೆದಿದೆಯಾ? ಐಪ್ಟೇಸಿಯಾ (ಕಳೆಯಂತೆ ಹಬ್ಬುವ ಕಡಲ ಹೂ) ಪಕ್ಕದಲ್ಲಿ ಕೂತು ಕುಟುಕುತ್ತಿದೆಯಾ? ವರ್ಮೆಟಿಡ್ ಬಸವನಹುಳುವಿನ ಕೊಳವೆಯಿಂದ ಲೋಳೆಯ ಬಲೆ ಪಾಲಿಪ್ ಮೇಲೆ ಹರಡಿದೆಯಾ? ಕಂಡರೆ ಅದೇ ಕಾರಣ. ಪಾಚಿಯನ್ನು ಇಕ್ಕಳದಿಂದ ಕಿತ್ತು, ಉಳಿದದ್ದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಅದ್ದು ಮಾಡಬಹುದು. 3% ದ್ರಾವಣ ಒಂದು ಪಾಲು, ಟ್ಯಾಂಕ್ ನೀರು ಹತ್ತು ಪಾಲು, ಐದು ನಿಮಿಷ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ 6%. ಅದನ್ನು ಮೊದಲು ಅಷ್ಟೇ ಶುದ್ಧ ನೀರು ಸೇರಿಸಿ 3%ಗೆ ತನ್ನಿ. ಹೊರದೇಶದ ಲೆಕ್ಕವನ್ನು ಹಾಗೇ ಹಾಕಿದರೆ ಎರಡು ಪಟ್ಟು ಆಗುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ರಾತ್ರಿ ನೋಡಬೇಕು. ದೀಪ ಆರಿ ಎರಡು ಗಂಟೆ ಕಳೆದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಬೆಳಕು ಬಿಡಿ. ಝೊವಾ ತಿನ್ನುವ ನ್ಯೂಡಿಬ್ರಾಂಕ್ ಒಂದು ಚಿಪ್ಪಿಲ್ಲದ ಹುಳು, ಕೆಲವೇ ಮಿಲಿಮೀಟರ್ ಉದ್ದ. ಅದರ ಬೆನ್ನ ಮೇಲಿನ ಕುಚ್ಚುಗಳು ಥೇಟ್ ಪಾಲಿಪ್‌ನ ಅಂಚಿನ ಎಳೆಗಳಂತೆಯೇ ಇರುತ್ತವೆ. ತಿಂದ ಝೊವಾದ ಬಣ್ಣವೇ ಅದಕ್ಕೂ ಬರುತ್ತದೆ. ಹಸಿರು ಝೊವಾ ತಿಂದದ್ದು ಹಸಿರು. ಹಾಗಾಗಿ ಹುಳುವನ್ನು ಹುಡುಕುವುದಕ್ಕಿಂತ ಮೊಟ್ಟೆ ಹುಡುಕುವುದು ಸುಲಭ. ಕಲ್ಲನ್ನು ಎತ್ತಿ, ತೊಟ್ಟಿನ ಬುಡ ಮತ್ತು ಪ್ಲಗ್‌ನ (ಫ್ರ್ಯಾಗ್ ಅಂಟಿಸುವ ಪುಟ್ಟ ಬಿಲ್ಲೆಯ) ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ದಾರವನ್ನು ಜಿಲೇಬಿ ಹಾಗೆ ಸುತ್ತಿ ಅಂಟಿಸಿದಂತೆ ಪುಟ್ಟ ಸುರುಳಿ ಕಂಡರೆ ಅದೇ ಮೊಟ್ಟೆ.

ಸನ್‌ಡಯಲ್ ಬಸವನಹುಳು ನೋಡಲು ಚೆಂದ. ಚಪ್ಪಟೆ ಶಂಖ, ಸುತ್ತ ಕಂದು-ಬಿಳಿ ಚೌಕಳಿ. ಚೆಂದ ಇದೆ ಅಂತ ಬಿಟ್ಟವರ ಝೊವಾ ಉಳಿಯುವುದಿಲ್ಲ. ಹಗಲು ಬುಡದಲ್ಲಿ ಅಡಗಿ ರಾತ್ರಿ ತಿನ್ನುತ್ತದೆ. ಕಂಡಲ್ಲಿ ಇಕ್ಕಳದಿಂದ ತೆಗೆಯಿರಿ. ಕಡಲ ಜೇಡ ಇನ್ನೂ ಕಷ್ಟ. ಸಣಕಲು ಕಾಲುಗಳು, ಬುಡದ ಕಸದಂಥದೇ ಬಣ್ಣ. ಕಲ್ಲನ್ನು ಬಿಳಿ ತಟ್ಟೆಯಲ್ಲಿಟ್ಟು ಅದ್ದು ಮಾಡಿದಾಗ ಉದುರಿದ ಮೇಲೇ ಸಾಮಾನ್ಯವಾಗಿ ಗೊತ್ತಾಗುವುದು.

ಇವುಗಳಿಗೆ ಅದ್ದು ಮಾಡುವ ರೀತಿ: ಝೊವಾವನ್ನು ಪ್ರತ್ಯೇಕ ಬಕೆಟ್ಟಿಗೆ ತನ್ನಿ. ಟ್ಯಾಂಕಿನಷ್ಟೇ ಬಿಸಿಯಿರುವ ಶುದ್ಧ ಆರ್‌ಒ ನೀರಲ್ಲಿ ಎರಡು ಮೂರು ನಿಮಿಷ ಅದ್ದಿ, ಸಿರಿಂಜ್‌ನಿಂದ ಊದುತ್ತಾ ಇರಿ. ಝೊವಾ ತಡೆದುಕೊಳ್ಳುತ್ತದೆ, ಹುಳು ಬಿಟ್ಟು ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಕೋರಲ್ ಡಿಪ್ ಬಳಸುವುದಾದರೆ ಬಾಟಲಿ ಮೇಲಿನ ಅಳತೆ ಮೀರಬೇಡಿ. ಯಾವ ಅದ್ದಿನಲ್ಲೂ ಮೊಟ್ಟೆ ಸಾಯುವುದಿಲ್ಲ. ಅದನ್ನು ಇಕ್ಕಳ ಅಥವಾ ಬ್ಲೇಡ್‌ನಿಂದ ಕೆರೆದೇ ತೆಗೆಯಬೇಕು. ಕೈಗವಸು, ಕನ್ನಡಕ ಹಾಕಿಕೊಂಡೇ ಕೆರೆಯಿರಿ. ಪ್ಲಗ್ ಬದಲಾಯಿಸಲು ಆಗುವುದಾದರೆ ಹಳೆಯದನ್ನು ಎಸೆದು ಹೊಸದಕ್ಕೆ ಅಂಟಿಸಿ. ಕಣ್ಣಿಗೆ ತಪ್ಪಿದ ಮೊಟ್ಟೆ ಒಡೆದು ಬರುವುದರಿಂದ ಐದಾರು ದಿನಕ್ಕೊಮ್ಮೆ ಮತ್ತೆ ಅದ್ದಬೇಕು. ಕನಿಷ್ಠ ನಾಲ್ಕು ಸಲ. ಅಲ್ಲಿಯವರೆಗೆ ದೊಡ್ಡ ಟ್ಯಾಂಕಿಗೆ ವಾಪಸ್ ಬೇಡ.

ತೊಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ-ಹಳದಿ ಗುಳ್ಳೆಗಳು ಕಂಡರೆ ಅದಕ್ಕೆ ಝೊವಾ ಪಾಕ್ಸ್ ಅನ್ನುತ್ತಾರೆ. ಅದನ್ನು ಪ್ರತ್ಯೇಕಿಸಿ. ನೈಟ್ರೊಫ್ಯುರಾಜೋನ್ ಇರುವ ಅಕ್ವೇರಿಯಂ ಔಷಧಿಯ ಅದ್ದು ಬಹಳ ಜನರಿಗೆ ಕೆಲಸ ಮಾಡಿದೆ. ಟ್ಯಾಂಕಿನೊಳಗೆ ಮಾತ್ರ ಸುರಿಯಬೇಡಿ.

ಅರಳಿದೆ, ಆದರೆ ಸರಿಯಿಲ್ಲ

ತೊಟ್ಟು ಉದ್ದವಾಗಿ ಎಳೆದುಕೊಂಡು ಮುಖ ಮೇಲೆತ್ತಿದ್ದರೆ ಬೆಳಕು ಸಾಲದು. ಕಲ್ಲಿಗೆ ಅಂಟಿಕೊಂಡು ಕುಳ್ಳಾಗಿ, ಬಣ್ಣ ತೊಳೆದಂತಿದ್ದರೆ ಬೆಳಕು ಜಾಸ್ತಿ. ಬಹುಪಾಲು ಝೊವಾಗಳಿಗೆ 80ರಿಂದ 120 ಪಾರ್ (ಜೀವಿಗೆ ಉಪಯೋಗವಾಗುವ ಬೆಳಕಿನ ಅಳತೆ) ಸಾಕು. ಬಣ್ಣವೆಲ್ಲ ಕಂದಾಗಿದ್ದರೆ ಪೋಷಕಾಂಶ ಜಾಸ್ತಿ, ಬೆಳಕು ಕಡಿಮೆ. ಹೊಸ ಎಲ್‌ಇಡಿ ಹಾಕಿದ್ದರೆ ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಿ, ಎರಡು ಮೂರು ವಾರದಲ್ಲಿ ಏರಿಸಿ.

ಕರಗುತ್ತಿದ್ದರೆ

ಇದೊಂದಕ್ಕೆ ಕಾಯಬಾರದು. ಪಾಲಿಪ್ ಮೆತ್ತಗಾಗಿ, ಮೇಲೆ ಬಿಳಿ ಪೊರೆ ಅಥವಾ ಕಂದು ಲೋಳೆ ಬಂದು, ಊದಿದರೆ ಚೂರು ಚೂರಾಗಿ ಹಾರಿದರೆ ಅದು ಕೊಳೆಯುತ್ತಿದೆ. ಹತ್ತಿರ ಮೂಗು ತಂದು ವಾಸನೆ ನೋಡಲು ಹೋಗಬೇಡಿ. ಸ್ಕಿಮ್ಮರ್, ಕಾರ್ಬನ್ ಚಾಲೂ ಇರಲಿ. ಕಲ್ಲನ್ನು ಬಕೆಟ್ಟಿಗೆ ತೆಗೆದು, ಕೊಳೆತ ಭಾಗವನ್ನು ನೀರೊಳಗೇ ಸಿರಿಂಜ್‌ನಿಂದ ಹೀರಿ ತೆಗೆಯಿರಿ. ಗಟ್ಟಿಯಾಗಿ ಉಳಿದಿರುವ ಪಾಲಿಪ್‌ಗಳನ್ನು ಅರ್ಧ ಸೆಂಟಿಮೀಟರ್ ಅಂತರ ಬಿಟ್ಟು, ಬುಡದ ಚಾಪೆಯ ಸಮೇತ ಕತ್ತರಿಸಿ ಬೇರೆ ಮಾಡಿ. ಟ್ಯಾಂಕ್ ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಲುಗೋಲ್ ಅಯೋಡಿನ್ ಹನಿಸಿ ಹತ್ತು ನಿಮಿಷ ಅದ್ದಿ. ಬೇರೆ ಶುದ್ಧ ಉಪ್ಪುನೀರಲ್ಲಿ ತೊಳೆದು, ಸೂಪರ್‌ಗ್ಲೂ ಜೆಲ್‌ನಲ್ಲಿ ಹೊಸ ಪ್ಲಗ್‌ಗೆ ಅಂಟಿಸಿ. ಮಂದ ಬೆಳಕು, ಸಾಧಾರಣ ಹರಿವು ಇರುವ ಜಾಗದಲ್ಲಿಡಿ. ಅದ್ದಿದ ನೀರನ್ನು, ಕೊಳೆತ ಚೂರನ್ನು ಬ್ಲೀಚ್ ಹಾಕಿಯೇ ಚೆಲ್ಲಿ.

ಕಾರಣ ಸಿಕ್ಕಿ, ಸರಿಮಾಡಿದ ಮೇಲೂ ಝೊವಾ ಮರುದಿನವೇ ಅರಳುವುದಿಲ್ಲ. ಉಪ್ಪಿನಂಶ, ಬಿಸಿಯ ತೊಂದರೆಯಾಗಿದ್ದರೆ ಕೆಲವು ದಿನ ಸಾಕು. ಹುಳು, ತಾಮ್ರ ಆಗಿದ್ದರೆ ವಾರಗಳು ಬೇಕು. ಈ ಹೊತ್ತಲ್ಲಿ ಇನ್ನೊಂದು ಬದಲಾವಣೆ ಮಾಡಬೇಡಿ. ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ಜಾಗದಿಂದ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ತಿಳಿಯದ ಬದಲಾವಣೆ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಎರಡು ವಾರ ಕಳೆದರೂ ತೊಟ್ಟು ಗಟ್ಟಿಯಾಗದೆ ಸೊರಗುತ್ತಲೇ ಇದ್ದರೆ ನೀವು ಹಿಡಿದ ಕಾರಣ ಸರಿಯಲ್ಲ. ಮತ್ತೆ ಟ್ಯಾಂಕಿನ ಮುಂದೆ ಕೂತು, ಯಾವುದು ಮುಚ್ಚಿದೆ, ಯಾವುದು ಚೆನ್ನಾಗಿದೆ ಅನ್ನುವಲ್ಲಿಂದ ಶುರುಮಾಡಿ. ಆ ಗುಂಪನ್ನು ಬೇರೆ ಟ್ಯಾಂಕಿಗೆ ಹಾಕಲು ಅವಕಾಶ ಇದ್ದರೆ ಒಂದೆರಡು ಪಾಲಿಪ್ ಕತ್ತರಿಸಿ ಅಲ್ಲಿಡಿ. ಅಲ್ಲಿ ಅರಳಿದರೆ ತೊಂದರೆ ನಿಮ್ಮ ನೀರಲ್ಲಿದೆ, ಅಲ್ಲೂ ಅರಳದಿದ್ದರೆ ಅದರ ಮೈಯಲ್ಲೇ ಇದೆ.